ಹಾಯಿದೋಣಿಯಲ್ಲಿ ಅಂಗಸಾಧನೆ

ಒಂದು ಚಳಿಗಾಲವನ್ನು ಸಮುದ್ರದ ಮೇಲೆ ಹಾಯಿದೋಣಿಯಲ್ಲಿಯೇ ಮನೆ ಮಾಡಿಕೊಂಡು ಕಳೆದು ಬಂದೆವೆಂದು ಹೇಳಿದೊಡನೆ ನಮ್ಮ ಇಷ್ಟಮಿತ್ರರು ಎರಡು ಬಗೆಯ ಮಾತುಗಳನ್ನಾಡುತ್ತಾರೆ. "ಹಗಲೆಲ್ಲ ಕುಳಿತೇ ಇರಬೇಕಲ್ಲವೆ? ಮೈ ಜಡ್ಡುಗಟ್ಟಲಿಲ್ಲವೆ?" ಎಂದು ಕೆಲವರು ಕೇಳುವರು. "ಹಗ್ಗ ಎಳೆದೆಳೆದು ಗರಡಿಯಾಳುಗಳಂತೆ ಆಗಿರಬೇಕಲ್ಲ!" ಎಂದು ಮತ್ತೆ ಕೆಲವರು ನಗುವರು. ಎರಡು ಮಾತುಗಳೂ ಅರ್ಧರ್ಧ ನಿಜವಾದವು. ಪೂರ್ಣವಾದ ನಿಜವನ್ನು ನಾವು ಕಾರವಾರದ ಕೊಲ್ಲಿಯಲ್ಲಿ ಒಂದು ಬೆಳಿಗ್ಗೆ ಉಪ್ಪುನೀರು ಕುಡಿದು ಕಲಿಯಬೇಕಾಯಿತು. ಅದರಿಂದ ವಾಚಕರಿಗೂ ಏನಾದರೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಾವೆಂದರೆ ಗಂಡಹೆಂಡಿರಿಬ್ಬರು. ಯಜಮಾನರಿಗೆ 58 ವಯಸ್ಸು, ಯಜಮಾನಿತಿಗೆ 54. ಮಕ್ಕಳು ತಮ್ಮ ತಮ್ಮ ಉದ್ಯೋಗಗಳಿಗೆ ಸೇರಿ ದೂರ ಹೋಗಿದ್ದಾರೆ. ನಾಲ್ಕಾರು ವರ್ಷ ಸ್ನೇಹಿತರೊಬ್ಬರ ಜೊತೆಯಲ್ಲಿ ಹಾಯಿಯ ಕೆಲಸವನ್ನು ಕಲಿತಿದ್ದೆವು. ಅವರೇ ಒಂದು ಚಳಿಗಾಲದ ಮಟ್ಟಿಗೆ ತಮ್ಮ ದೋಣಿಯನ್ನು ನಮ್ಮ ವಶಕ್ಕೆ ಕೊಟ್ಟರು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ನವೆಂಬರ್ ತಿಂಗಳಲ್ಲಿ, ಗೋವೆಯ ಮಾಂಡೋವಿ ನದಿಯಲ್ಲಿ ಅದನ್ನೇರಿದೆವು.

ದೋಣಿಯ ಉದ್ದ 34 ಅಡಿ, ಅಗಲ 11 ಅಡಿ. ಒಳಗೆ ಮಲಗಲು ಎರಡು ಮಂಚ, ಒಂದು ಮೇಜು, ಒಬ್ಬರೇ ನಿಲ್ಲಬಹುದಾದ ಅಡಿಗೆಯ ಮೂಲೆ. ಈ ಮನೆಯಲ್ಲಿ ಒಂದು ಮೈಲಿ ನಡೆಯಬೇಕೆಂದರೆ ಮೂತಿಯಿಂದ ಹಿಂಬದಿಗೆ 155 ಸಲ ಹೋಗಬೇಕು! ಮೊದಲ ವಾರದಲ್ಲಿ ಲೆಕ್ಕ ಹಾಕಿ ನಕ್ಕೆವು. ನಗಬೇಕಾದ ಲೆಕ್ಕ ಅದಾಗಿರಲಿಲ್ಲ.

ಆ ಕಾಲದಲ್ಲಿ ನಮ್ಮ ಪಡುಗಡಲ ಗಾಳಿ ಬಹಳ ನಿಯಮವುಳ್ಳದ್ದು. ರಾತ್ರಿಯ ಕೊನೆಯಿಂದ ಮುಂಜಾನೆಯವರೆಗೆ ನೆಲದ ಕಡೆಯಿಂದ ತಂಗಾಳಿ ಬೀಸುವುದು. ನಡುಹಗಲಿನ ತರುವಾಯ ವಾಯವ್ಯ ದಿಕ್ಕಿನಿಂದ ಕಡಲ ಗಾಳಿ ಏಳುವುದು. ಇವೆರಡನ್ನೂ ನಂಬಿಕೊಂಡು ದಡದ ಗುಡ್ಡಗಳನ್ನು ನೋಡುತ್ತ ತೆಂಕಣಕ್ಕೆ ಸಾಗಿ ಕಾರವಾರವನ್ನು ಸೇರಿದೆವು. ಎದುರಿಗೆ ದ್ವೀಪಗಳು, ಬೆನ್ನಿಗೆ ಸಹ್ಯಾದ್ರಿಯ ಹಸಿರು, ಬಡಗಣದಲ್ಲಿ ಕಡಲನ್ನು ಕೂಡುವ ಕಾಳೀನದಿ, ದಡದಲ್ಲಿ ಗಾಳಿಮರಗಳ ಸಾಲು: ಇಂತಹ ಸ್ಥಳದಲ್ಲಿ ಲಂಗರು ಹಾಕಿದವರಿಗೆ ಬೇಗನೆ ಹೊರಡುವ ಮನಸ್ಸಾಗುವುದಿಲ್ಲ.

ದೋಣಿಯ ಬಾಳು ಮೈಗೆ ಏನು ಮಾಡುತ್ತದೆಂಬುದನ್ನು ಇಲ್ಲಿ ಹೇಳಬೇಕು. ದೋಣಿ ಎಂದಿಗೂ ಸ್ಥಿರವಾಗಿ ನಿಲ್ಲದು. ಆದುದರಿಂದ ಕುಳಿತಾಗಲೂ ನಿಂತಾಗಲೂ ಹೊಟ್ಟೆ, ಸೊಂಟ, ಬೆನ್ನುಗಳ ಸ್ನಾಯುಗಳು ನಮಗೆ ತಿಳಿಯದಂತೆಯೇ ಕೆಲಸ ಮಾಡುತ್ತಿರುತ್ತವೆ. ಹಾಯಿಯ ಹಗ್ಗಗಳಿಂದ ಮುಂಗೈ ಗಟ್ಟಿಯಾಗುತ್ತದೆ. ಆದರೆ ನಡಿಗೆಯೆಂಬುದು ಇಲ್ಲವೇ ಇಲ್ಲ. ಮೀನಖಂಡಗಳು ಸಡಿಲವಾಗುವುವು, ತೊಡೆ ಸೋಲುವುದು, ಹೃದಯಕ್ಕೂ ಶ್ವಾಸಕೋಶಕ್ಕೂ ದುಡಿಮೆ ತಪ್ಪುವುದು. ಅಂಗೈಯಲ್ಲಿ ಗುಳ್ಳೆಯೆದ್ದುದನ್ನು ನೋಡಿ ನಾವು ಬಲಿಷ್ಠರಾದೆವೆಂದು ತಿಳಿದುಕೊಂಡಿದ್ದೆವು. ಕಾಳೀನದಿಯ ಬಡಗಣ ದಡದ ಸದಾಶಿವಗಡವನ್ನು ಹತ್ತಹೋದಾಗ ಅರ್ಧ ದಾರಿಯಲ್ಲಿ ಎರಡು ಸಲ ಕುಳಿತೆವು. ಬಿಸಿಲು ಹೆಚ್ಚೆಂದು ನೆಪ ಹೇಳಿಕೊಂಡೆವು.

ಆ ನೆಪಗಳಿಗೆಲ್ಲ ಕೊನೆಯಾದದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನೀರಿಗೆ ಬಿದ್ದರೆ ಇನ್ನೊಬ್ಬರು ಮೇಲೆತ್ತಬೇಕು. ಕರೆದರೆ ಬರುವವರು ಮತ್ತಾರೂ ಇಲ್ಲ. ಇದನ್ನು ಬಾಯಲ್ಲಿ ಹೇಳುತ್ತಿದ್ದೆವೇ ಹೊರತು ಮಾಡಿ ನೋಡಿರಲಿಲ್ಲ. ಕೊಲ್ಲಿಯ ನೀರು ಕನ್ನಡಿಯಂತಿದ್ದಿತು. ಯಜಮಾನರು ತೇಲುವ ಅಂಗಿಯನ್ನು ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದರು. ಹಿಂಬದಿಯ ಏಣಿಯನ್ನು ಬೇಕೆಂದೇ ಇಳಿಬಿಡಲಿಲ್ಲ. ಏತಕ್ಕೆಂದರೆ, ತೆರೆಯೆದ್ದ ಕಡಲಿನಲ್ಲಿ ಹಿಂಬದಿ ಎದ್ದೆದ್ದು ಬೀಳುವಾಗ ಬಳಲಿದವನು ಏಣಿ ಹತ್ತಲಾರನು. ದೋಣಿಯ ಪೆಟ್ಟು ತಲೆಗೆ ಬೀಳುವ ಭಯವೂ ಉಂಟು.

ನೀರಿನಿಂದ ದೋಣಿಯ ಅಂಚಿಗೆ ಮೂರು ಅಡಿಗಿಂತ ಸ್ವಲ್ಪ ಹೆಚ್ಚು. ಯಜಮಾನರ ತೂಕ 74 ಕಿಲೋ. ಯಜಮಾನಿತಿ ಹಗ್ಗ ಹಿಡಿದು, ಕಾಲೂರಿ, ಹಲ್ಲು ಕಚ್ಚಿ ಎಳೆದರು. ಅವರ ಎದೆಯವರೆಗೂ ನೀರು ಬಿಡಲಿಲ್ಲ. ಮೂರು ಸಲ ಎಳೆದು ಕೈ ಸೋತು ಕುಳಿತರು. "ಇರಲಿ, ಹೆಂಗಸು, ನಾನಾದರೆ ಎತ್ತುವೆನು" ಎಂದು ಯಜಮಾನರು ಏಣಿಯಿಂದ ಮೇಲೆ ಬಂದರು. ಸರದಿ ಬದಲಾಯಿತು. 55 ಕಿಲೋ ತೂಕದ ಹೆಂಡತಿಯನ್ನು ಎರಡು ಸಲ ಅರ್ಧಕ್ಕೆ ಎತ್ತಿ, ಎರಡು ಸಲವೂ ಕೈಬಿಟ್ಟು, ಮೂರನೆಯ ಸಲ ಸೊಂಟ ಹಿಡಿದುಕೊಂಡು ಅವರೂ ಕುಳಿತರು. ಹತ್ತಿರ ಬಲೆ ಬಿಡುತ್ತಿದ್ದ ಮೀನುಗಾರರಿಬ್ಬರು ತಮ್ಮ ದೋಣಿಯನ್ನು ತಿರುಗಿಸಿಕೊಂಡು ಬಂದು, "ಎತ್ತಬೇಕೇನಮ್ಮ?" ಎಂದು ಕೇಳಿದರು. ನಾಚಿಕೆಯಿಂದ ಏಣಿಯನ್ನು ಇಳಿಬಿಟ್ಟೆವು.

ಆ ರಾತ್ರಿ ಊಟದಲ್ಲಿ ಮಾತಿರಲಿಲ್ಲ. ಇಬ್ಬರೂ ಯೋಚಿಸುತ್ತಿದ್ದುದು ಒಂದೇ. ಮೀನುಗಾರರಿಲ್ಲದ ನಡುಗಡಲಿನಲ್ಲಿ, ಕತ್ತಲೆಯಲ್ಲಿ ಇದಾಗಿದ್ದರೆ? ನೆಲದ ಮೇಲೆ ನಮ್ಮ ಮೈ ನಮ್ಮದು. ಕೆಡಿಸಿಕೊಂಡರೆ ನಷ್ಟವೂ ನಮ್ಮದೇ ಎಂದು ತಿಳಿದಿರುತ್ತೇವೆ. ದೋಣಿಯಲ್ಲಿ ಹಾಗಲ್ಲ. ಇಲ್ಲಿ ಒಬ್ಬರ ತೋಳಿನ ಬಲ ಇನ್ನೊಬ್ಬರ ಪ್ರಾಣ. ಅದನ್ನು ಸೋಮಾರಿತನದಿಂದ ಕಳೆಯುವುದೆಂದರೆ ಪರರ ಒತ್ತೆಯ ಹಣವನ್ನು ಖರ್ಚು ಮಾಡಿದಂತೆ. ಈ ವಿಚಾರ ಮನಸ್ಸಿಗೆ ಹತ್ತಿದ ಮೇಲೆ ಕಾರವಾರದಿಂದ ಆರು ವಾರ ಕದಲಲಿಲ್ಲ.

ನಮ್ಮ ಸಾಧನೆಯ ಕ್ರಮ ಹೀಗಿದ್ದಿತು. ಬೆಳಿಗ್ಗೆ ದೋಣಿಯ ಮುಂಭಾಗದ ಹಲಗೆಯ ಮೇಲೆ, ಕಾಲುಗಳನ್ನು ಸ್ವಲ್ಪ ಅಗಲಿಸಿ, ಸೂರ್ಯನಮಸ್ಕಾರ. ಆರರಿಂದ ಆರಂಭಿಸಿ 24ಕ್ಕೆ ಏರಿಸಿದೆವು. ಅನಂತರ ಹಾಯಿಯನ್ನು ಹೊರುವ ಕೂವೆಮರವನ್ನು ಒಂದು ಕೈಯಲ್ಲಿ ಹಿಡಿದು ಬೈಠಕ್. "ಒಂದು ಕೈ ನಿನಗೆ, ಒಂದು ಕೈ ಹಡಗಿಗೆ" ಎಂಬುದು ನಾವಿಕರ ಹಳೆಯ ನಿಯಮ. ಅಂಗಸಾಧನೆಯಲ್ಲಿಯೂ ಅದನ್ನು ಬಿಡಕೂಡದು. ಒಳಗಿಳಿಯುವ ಏಣಿಗೆ ನಾಲ್ಕು ಮೆಟ್ಟಿಲು. ಅದನ್ನು 50 ಸಲ ಹತ್ತಿಳಿದರೆ 200 ಮೆಟ್ಟಿಲಾಯಿತು; ಗುಡ್ಡವಿಲ್ಲದವರಿಗೆ ಅದೇ ಗುಡ್ಡ. ಬಿಸಿಲೇರುವ ಮೊದಲು ದೋಣಿಯ ಸುತ್ತ ಈಜು. ಒಬ್ಬರು ಈಜುವಾಗ ಇನ್ನೊಬ್ಬರು ಮೇಲೆ ನಿಂತು ಕಣ್ಣಿಟ್ಟಿರಬೇಕು. ತೇಲುವ ಹಗ್ಗವೊಂದು ನೀರಿನಲ್ಲಿ ಬಿದ್ದಿರಬೇಕು. ಈ ಎರಡಿಲ್ಲದೆ ಈಜತಕ್ಕದ್ದಲ್ಲ.

ಮನೆಗೆಲಸವನ್ನೂ ಸಾಧನೆಯನ್ನಾಗಿ ಮಾಡಿಕೊಂಡೆವು. ದಡಕ್ಕೆ ಹೋಗಿ ಬರಲು ಚಿಕ್ಕ ದೋಣಿಯ ಯಂತ್ರವನ್ನು ಕಳಚಿಟ್ಟು ಹುಟ್ಟು ಹಾಕಿದೆವು. ಕುಡಿಯುವ ನೀರನ್ನು 20 ಲೀಟರಿನ ಡಬ್ಬಿಗಳಲ್ಲಿ ಹೊತ್ತೆವು. ಲಂಗರನ್ನು ಕೈಯಿಂದಲೇ ಎತ್ತಿದೆವು. ಲಂಗರಿನ ತೂಕ 15 ಕಿಲೋ. ಸರಪಣಿ ಮೀಟರಿಗೆ ಸುಮಾರು ಒಂದೂವರೆ ಕಿಲೋ. ಅದರ ಮೇಲೆ ಕೊಲ್ಲಿಯ ಕೆಸರು ಬೇರೆ. ಇದನ್ನು ಬೆನ್ನು ಬಗ್ಗಿಸಿ ಎಳೆಯದೆ, ಮೊಣಕಾಲು ಮಡಿಸಿ ತೊಡೆಯ ಬಲದಿಂದ ಎಳೆಯುವುದನ್ನು ಕಲಿತ ಮೇಲೆ ಯಜಮಾನರ ಸೊಂಟನೋವು ಕಡಿಮೆಯಾಯಿತು. ಸಂಜೆ ಮರಳದಂಡೆಯ ಮೇಲೆ ಒಂದು ಗಂಟೆ ನಡಿಗೆ. ವಾರಕ್ಕೊಮ್ಮೆ ಸದಾಶಿವಗಡ. ನಾಲ್ಕನೆಯ ವಾರ ಎಲ್ಲಿಯೂ ಕೂರದೆ ಮೇಲೆ ಹೋದೆವು.

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆ ಕಡಲಿನಲ್ಲಿಯೇ ಹುಟ್ಟಿರಬಹುದೆನ್ನಿಸುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಒಸಡು ಕೊಳೆಯುವ ಸ್ಕರ್ವಿ ರೋಗ ಹಿಡಿದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಆರು ಜೊತೆ ಮಾಡಿ, ಒಂದೊಂದು ಜೊತೆಗೆ ಒಂದೊಂದು ಔಷಧವನ್ನು ಕೊಟ್ಟು ನೋಡಿದನು. ಕಿತ್ತಳೆ, ನಿಂಬೆಗಳನ್ನು ತಿಂದ ಜೊತೆಯೇ ಬೇಗ ಚೇತರಿಸಿಕೊಂಡಿತು. ನಮ್ಮ ದೋಣಿಯಲ್ಲಿಯೂ ನಿಂಬೆ ತಪ್ಪಲಿಲ್ಲ. ಹೆಸರುಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ದಿನವೂ ಕೋಸಂಬರಿ ಮಾಡಿದೆವು. ತರಕಾರಿ ಮುಗಿದ ದಿನ ಇದಕ್ಕಿಂತ ಉತ್ತಮವಾದ ತೋಟ ಮತ್ತೊಂದಿಲ್ಲ. ಕರಿದ ತಿಂಡಿಯ ಡಬ್ಬಿಯನ್ನು ಮಾತ್ರ ಕೈಗೆ ಸುಲಭವಾಗಿ ಸಿಕ್ಕದ ಕಡೆ ಇಟ್ಟೆವು. ಬೇಸರವಾದಾಗಲೆಲ್ಲ ಬಾಯಾಡಿಸುವುದೇ ದೋಣಿವಾಸಿಗಳ ಮುಖ್ಯ ಶತ್ರು.

ನಿದ್ರೆಯ ವಿಷಯವನ್ನೂ ಹೇಳಬೇಕು. ರಾತ್ರಿ ಸಾಗುವಾಗ ಮೂರು ಮೂರು ಗಂಟೆಗಳ ಸರದಿಯ ಪಹರೆ. ಅಂತಹ ರಾತ್ರಿಯ ಮರುದಿನ ಯಾವ ಸಾಧನೆಯನ್ನೂ ಮಾಡುತ್ತಿರಲಿಲ್ಲ. ನಿದ್ರೆ ಕೆಟ್ಟ ಮೈ ಎಡವುತ್ತದೆ. ದೋಣಿಯಲ್ಲಿ ಎಡವುವುದೆಂದರೆ ನೀರಿಗೆ ಬೀಳುವುದು.

ಇವೆಲ್ಲ ನಮ್ಮಂತಹ ಸಾಮಾನ್ಯರ ಚಿಕ್ಕ ಪ್ರಯತ್ನಗಳು. ನಾವು ದಿನವೂ ನೆನೆಯುತ್ತಿದ್ದವರು ದೊಡ್ಡವರು. ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆ ಎಂಬಾತ 1968-69ರಲ್ಲಿ ಒಬ್ಬನೇ ತಿಂಗಳುಗಟ್ಟಲೆ ಕಡಲಿನಲ್ಲಿದ್ದಾಗ ಯೋಗಾಭ್ಯಾಸದಿಂದ ತನ್ನ ಸ್ವಾಸ್ಥ್ಯವನ್ನು ಕಾಪಾಡಿಕೊಂಡನು. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿಯವರು 2012-13ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು. 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಬಿರುಗಾಳಿಯಲ್ಲಿ ಅವರ ದೋಣಿಯ ಕೂವೆಮರ ಮುರಿದು, ಬೆನ್ನೆಲುಬಿಗೆ ಪೆಟ್ಟು ಬಿದ್ದು, ಮಲಗಿದಲ್ಲಿಂದ ಏಳಲಾರದೆ ಮೂರು ದಿನ ರಕ್ಷಕರಿಗಾಗಿ ಕಾದಿದ್ದರು. ಶಸ್ತ್ರಚಿಕಿತ್ಸೆಯಾಗಿ ಮತ್ತೆ ನಡೆಯಲು ಕಲಿತ ಅವರೇ 2022ರಲ್ಲಿ ಅದೇ ಸ್ಪರ್ಧೆಗೆ ಹೊರಟು 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಸೇರಿದರು. ನಮಗೆ ಇನ್ನೂ ಹತ್ತಿರದವರೆನ್ನಿಸಿದವರು ದಿಲ್ನಾ ಮತ್ತು ರೂಪಾ ಎಂಬ ನೌಕಾಪಡೆಯ ಅಧಿಕಾರಿಣಿಯರು. ಗೋವೆಯಲ್ಲಿಯೇ ಕಟ್ಟಿದ ತಾರಿಣಿ ಎಂಬ ಹಾಯಿದೋಣಿಯಲ್ಲಿ ಇವರಿಬ್ಬರೇ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಪ್ರಪಂಚವನ್ನು ಸುತ್ತಿ, 2025ರ ಮೇ ತಿಂಗಳ ಕೊನೆಯಲ್ಲಿ ಹಿಂದಿರುಗಿದರು. ಅಷ್ಟು ತಿಂಗಳು ಒಬ್ಬರ ಬಲ ಇನ್ನೊಬ್ಬರ ವಶದಲ್ಲಿದ್ದಿತಲ್ಲವೆ?

ಬಲದೊಡನೆ ಯುಕ್ತಿಯೂ ಬೇಕು. ಕೂವೆಮರದ ಹಗ್ಗಕ್ಕೆ ನಾಲ್ಕು ಮಡಿ ರಾಟೆಯನ್ನು ಸಿಕ್ಕಿಸಿ ಎಳೆಯುವುದನ್ನು ಅಭ್ಯಾಸ ಮಾಡಿದೆವು. ಇದರಿಂದ 74 ಕಿಲೋ ಭಾರ ಕೈಗೆ 20 ಕಿಲೋಗಿಂತ ಸ್ವಲ್ಪ ಹೆಚ್ಚೆಂಬಂತೆ ತೋರುವುದು. ಆದರೆ ರಾಟೆ ಏನನ್ನೂ ಧರ್ಮಕ್ಕೆ ಕೊಡುವುದಿಲ್ಲ. ಮನುಷ್ಯನನ್ನು ನಾಲ್ಕು ಅಡಿ ಎತ್ತಲು 16 ಅಡಿ ಹಗ್ಗವನ್ನು ಎಳೆಯಬೇಕು. ಓಲಾಡುವ ಹಲಗೆಯ ಮೇಲೆ ಕಾಲು ನಿಲ್ಲದವರಿಗೂ, ಉಸಿರು ಸಾಲದವರಿಗೂ ಅದೂ ಆಗದು.

ಜನವರಿಯ ಕೊನೆಯಲ್ಲಿ ಕಾರವಾರವನ್ನು ಬಿಟ್ಟು ಸುಮಾರು 90 ನಾಟಿಕಲ್ ಮೈಲಿ ತೆಂಕಣಕ್ಕೆ ಸಾಗಿ ಮಲ್ಪೆಯ ಎದುರಿಗೆ ಬಂದೆವು. ಅಲ್ಲಿ ಸೇಂಟ್ ಮೇರಿ ದ್ವೀಪಗಳ ಕಪ್ಪು ಕಲ್ಲುಕಂಬಗಳು, ಯಾರೋ ಜೋಡಿಸಿಟ್ಟಂತೆ ನೀರಿನಿಂದೆದ್ದು ನಿಂತಿವೆ. ಪುರಾತನ ಕಾಲದ ಲಾವಾರಸ ತಣಿದು ಬಿರಿದು ಹಾಗಾದವೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಬೆಳಗಿನ ನೆಲಗಾಳಿಯಲ್ಲಿ ಕಡಲು ತಣ್ಣಗಿದ್ದಾಗ ದ್ವೀಪದಿಂದ ದೂರವಾಗಿ ಲಂಗರು ಹಾಕಿ, ಎರಡನೆಯ ಪರೀಕ್ಷೆಗೆ ನಿಂತೆವು.

ಯಜಮಾನರು ನೀರಿಗಿಳಿದರು. ಯಜಮಾನಿತಿ ರಾಟೆಯ ಕೊಕ್ಕೆಯನ್ನು ಅವರ ಎದೆಪಟ್ಟಿಗೆ ಸಿಕ್ಕಿಸಿ, ಕಾಲೂರಿ, ಎಳೆಯತೊಡಗಿದರು. ಮೊದಲು ಭುಜ ಮೇಲೆ ಬಂದಿತು, ಆಮೇಲೆ ಸೊಂಟ, ಆಮೇಲೆ ನೀರಿಳಿಯುವ ಎರಡು ಕಾಲುಗಳು. ನಡುವೆ ಎರಡು ಸಲ ಹಗ್ಗವನ್ನು ಗೂಟಕ್ಕೆ ಸುತ್ತಿ ಉಸಿರು ತೆಗೆದುಕೊಂಡರು, ಕೈಬಿಡಲಿಲ್ಲ. ಸುಮಾರು ಐದು ನಿಮಿಷದಲ್ಲಿ ಯಜಮಾನರು ಹಲಗೆಯ ಮೇಲೆ ಬಿದ್ದುಕೊಂಡು ಆಕಾಶವನ್ನು ನೋಡುತ್ತಿದ್ದರು. ಸರದಿ ಬದಲಾದಾಗ ಯಜಮಾನಿತಿಯೂ ಹಾಗೆಯೇ ಮೇಲೆ ಬಂದರು. ಯಾರೂ ದೊಡ್ಡ ಮಾತನ್ನಾಡಲಿಲ್ಲ. ಒದ್ದೆಬಟ್ಟೆಯಲ್ಲಿಯೇ ಕೆಳಗೆ ಹೋಗಿ ಚಹಾ ಮಾಡಿ ಕುಡಿದೆವು. ಅಂದಿನಿಂದ ರಾತ್ರಿಯ ಪಹರೆಯಲ್ಲಿ ಒಬ್ಬರು ಮಲಗಿ, ಇನ್ನೊಬ್ಬರು ಮೇಲಿದ್ದಾಗ, ಮಲಗಿದವರಿಗೆ ನಿದ್ರೆ ಬರತೊಡಗಿತು.

ವಾಚಕರಲ್ಲಿ ಹಾಯಿದೋಣಿಯನ್ನೇರುವವರು ಕೆಲವರೇ ಇರಬಹುದು. ಆದರೆ ಮಕ್ಕಳು ದೂರ ಹೋಗಿ ಇಬ್ಬರೇ ಉಳಿದ ಮನೆಗಳು ನಮ್ಮ ನಾಡಿನಲ್ಲಿ ಬಹಳ. ಬಚ್ಚಲಿನಲ್ಲಿ ಒಬ್ಬರ ಕಾಲು ಜಾರಿದರೆ ಎತ್ತಿ ಕೂರಿಸುವ ಕೈ ಇನ್ನೊಬ್ಬರದೇ ಅಲ್ಲವೆ? ಆ ಕೈಗೆ ಬಲವುಂಟೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಾವೀಗ ಊರಿಗೆ ಹಿಂದಿರುಗಿದ್ದೇವೆ. ದೋಣಿಯನ್ನು ಅದರ ಒಡೆಯರಿಗೆ ಒಪ್ಪಿಸಿಯಾಯಿತು. ಕೂವೆಮರದ ಬದಲು ಕಿಟಕಿಯ ಸರಳನ್ನು ಹಿಡಿದು ಬೆಳಿಗ್ಗೆ ಬೈಠಕ್ ಮಾತ್ರ ನಡೆದಿದೆ. ಒಬ್ಬರು ಮಾಡುವಾಗ ಇನ್ನೊಬ್ಬರು ಎಣಿಸುತ್ತೇವೆ.