ಠಾಣೆಯ ಚೀಟಿ

ಗಡಿ ಊರಿನವರಿಗೆ ಗಡಿಯ ಭಯ ಕಡಿಮೆ. ನಮ್ಮ ಕನಮಡಿಯಿಂದ ಮಹಾರಾಷ್ಟ್ರದ ಜತ್ತಕ್ಕೋ ಸಾಂಗ್ಲಿಗೋ ಮಣೂಕ ಹೇರಿಕೊಂಡು ಹೋದರೆ ರಾತ್ರಿ ಎಲ್ಲಿ ಮಲಗಿದ್ದಿ ಎಂದು ಯಾರೂ ಕೇಳುವುದಿಲ್ಲ. ಅದೇ ಧಿಮಾಕಿನಲ್ಲಿ ನಾನು ಚೀನಾದ ಗ್ವಾಂಗ್‌ಜೌಗೆ ನೌಕರಿಗೆ ಹೋದೆ.

ತಯಾರಿಯೇನೋ ಜೋರಾಗಿತ್ತು. ಅಲ್ಲಿ ತರಕಾರಿ ಮಾರುವವರೂ ಫೋನಿನಲ್ಲೇ ದುಡ್ಡು ತಗೊಳ್ಳುತ್ತಾರೆ. ನಮ್ಮ ಯುಪಿಐ ನಡೆಯದು. ಹಾಗಾಗಿ ಅಲ್ಲಿನ ಅಲಿಪೇ ಆ್ಯಪ್‌ಗೆ ವೀಸಾ ಕಾರ್ಡು ಜೋಡಿಸಿಕೊಂಡೆ. 2023ರ ನಂತರ ಅದು ಸಲೀಸಾಗಿದೆ. ವಾಟ್ಸಾಪ್ ಅಲ್ಲಿ ಬಂದ್, ಅಲ್ಲಿನವರ ವೀಚಾಟ್ 2020ರಿಂದ ಇಲ್ಲಿ ಬಂದ್. ಅವ್ವನ ಜೋಡಿ ಮಾತಾಡಲು ನಮ್ಮ ಸಿಮ್ಮಿಗೇ ರೋಮಿಂಗ್ ಹಾಕಿಸಿಕೊಂಡೆ. ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

ಇಷ್ಟೆಲ್ಲ ಮಾಡಿದವನು ಠಾಣೆಗೆ ಹೋಗಲಿಲ್ಲ.

ಹೋಟೆಲಿನಲ್ಲಿ ಇಳಿದರೆ ಹೆಸರು ಬರೆಸುವ ಕೆಲಸ ಅವರದೇ. ಬಾಡಿಗೆ ಮನೆಯಾದರೆ 24 ತಾಸಿನೊಳಗೆ ನಾವೋ ಮನೆ ಮಾಲೀಕರೋ ಪೊಲೀಸರಲ್ಲಿ ನೋಂದಾಯಿಸಬೇಕು. ಮನೆ ಬದಲಿಸಿದರೆ ಮತ್ತೆ ಹೊಸದು. ಆಫೀಸಿನವರು ಇದನ್ನು ಹೇಳಿದ್ದರು. ಮಾಲೀಕಳು ‘ನಾಳೆ ಬರ್ತೀನಿ’ ಅಂದಳು. ನಾನೂ ಒತ್ತಾಯಿಸಲಿಲ್ಲ, ನಿಜವಾಗಿ, ಭಾಷೆ ಬಾರದೆ ಠಾಣೆಯಲ್ಲಿ ಪೆದ್ದನಂತೆ ನಿಲ್ಲುವ ನಾಚಿಕೆ. ಮೊದಲು ಇಳಿದಿದ್ದ ಹೋಟೆಲಿನ ಹಳೇ ನೋಂದಣಿ ಚೀಟಿ ಸಾಕೆಂದು ನನಗೆ ನಾನೇ ಹೇಳಿಕೊಂಡೆ. ಊರಿನ ಹಿರಿಯರು ಸೊಲ್ಲಾಪುರದ ಡಾ. ಕೋಟ್ನಿಸರ ಹೆಸರು ಹೇಳಿ ಕಳಿಸಿದ್ದರು. 1938ರಲ್ಲಿ ಹೋದ ಅವರು ಚೀನೀ ಭಾಷೆ ಕಲಿತು, ಯುದ್ಧದ ನಡುವೆ ಗಾಯಾಳುಗಳನ್ನು ನೋಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡವರು. ನನಗೆ ಓಣಿ ದಾಟಿ ಠಾಣೆಗೆ ಹೋಗುವುದೂ ಆಗಲಿಲ್ಲ!

ಕೆಲಸದ ವೀಸಾದಲ್ಲಿ ಹೋದವರು 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಗಡುವಿನ ಹೊಸ್ತಿಲಲ್ಲಿ ಹೋದೆ. ಕೌಂಟರಿನ ಹುಡುಗಿ ಚೀಟಿ ನೋಡಿ ತಲೆಯಾಡಿಸಿದಳು: ವಿಳಾಸ ಬೇರೆ. ದಂಡ 2000 ಯುವಾನ್‌ವರೆಗೆ ಹಾಕಬಹುದಿತ್ತು. ಅಷ್ಟು ಹಾಕಲಿಲ್ಲ, ಎಚ್ಚರಿಕೆ ಬರೆಸಿಕೊಂಡು ಬಿಟ್ಟರು. ಮಾಲೀಕಳನ್ನು ಹಿಡಿದು ತಂದು ನೋಂದಣಿ ಮಾಡಿಸುವುದರಲ್ಲೇ ದಿನ ಹೋದವು. ಆಮೇಲೆ ಪಾಸ್‌ಪೋರ್ಟ್ ಒಳಗಿಟ್ಟುಕೊಂಡು ರಸೀದಿ ಕೊಟ್ಟರು. ಪರವಾನಗಿ ತೀರ್ಮಾನಕ್ಕೆ 15 ದಿನದವರೆಗೆ ಅವಕಾಶವಿದೆ. ರಸೀದಿ ಹಿಡಿದು ದೇಶ ಬಿಡುವಂತಿಲ್ಲ.

ಆ ದಿನಗಳೊಳಗೇ ತಂಗಿಯ ಕುಬಸ ಬಂತು. ಸೀರೆ ಉಡಿಸಬೇಕಾದ ಅಣ್ಣ ನಾನು.

“ಪೊಲೀಸರು ಹಿಡದಾರೇನೋ?” ಅಂದಳು ಅವ್ವ.

“ಇಲ್ಲವ್ವಾ, ಪಾಸ್‌ಪೋರ್ಟ್ ಆಫೀಸಿನ್ಯಾಗ ಕುಂತೈತಿ.”

“ಅದನ್ನ ಯಾಕ ಕೊಟ್ಟಿ ಮತ್ತ?”

ಸುಳ್ಳು ಹೇಳಿದೆ, ಕಂಪನಿ ಕೆಲಸ ಅಂದೆ. ತಂಗಿ ನಂಬಲಿಲ್ಲ.

ಮುಂದೆ ಮನೆ ಬದಲಿಸುವಾಗ ಕರಾರಿಗೆ ಸಹಿ ಹಾಕುವ ಮೊದಲೇ, ಬಾಡಿಗೆಗಿಂತ ಮುಂಚೆ, ‘ಠಾಣೆಗೆ ಬರ್ತೀರಾ?’ ಎಂದು ಕೇಳಿದೆ. ಇಬ್ಬರು ಮಾಲೀಕರು ಮುಖ ತಿರುಗಿಸಿದರು. ಬರುತ್ತೇನೆಂದ ಮುದುಕನ ಮನೆ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅದನ್ನೇ ಹಿಡಿದೆ.