ಆ ಸ್ಕ್ರೂ ಮುಟ್ಟಬೇಡಿ

ಮಾದಪ್ಪನ ಬೆಟ್ಟಕ್ಕೆ ಹೊರಟ ಕಾರು ಹನೂರಿನಲ್ಲಿ ನಿಂತಲ್ಲೇ ಗಡಗಡ ನಡುಗುವುದನ್ನು ಕಂಡರೆ ನನಗೆ ಕಸಿವಿಸಿ. ತಾಳಬೆಟ್ಟ ದಾಟಿ ತಿರುವಿನಲ್ಲಿ ಕ್ಲಚ್ ಒತ್ತಿದಾಗ ಎಂಜಿನ್ ಆಫ್ ಆದರೆ ಸ್ಟೀರಿಂಗ್ ಬಿಗಿಯುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ.

ಕಾರ್ಬ್ಯುರೇಟರ್ ಕಾಲದ ಮಾರುತಿ 800ಕ್ಕೆ ಮೇಸ್ತ್ರಿಗಳು ಕಿವಿಗೊಟ್ಟು, ಸ್ಕ್ರೂ ತಿರುಗಿಸಿ ಐಡ್ಲಿಂಗ್, ಅಂದರೆ ನಿಂತಾಗಿನ ಎಂಜಿನ್ ವೇಗ, ಇಡುತ್ತಿದ್ದರು. ಆ ಕಿವಿಗೆ ಈಗಲೂ ನನ್ನ ನಮಸ್ಕಾರ. ಆದರೆ ಇಂಜೆಕ್ಷನ್ ಗಾಡಿಯಲ್ಲಿ ಆ ಕೆಲಸ ಎಂಜಿನ್ ಕಂಪ್ಯೂಟರಾದ ಇಸಿಯುವಿನದು. ಥ್ರಾಟಲ್ ಬಾಡಿಯ ಸ್ಟಾಪ್ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿ ಬಂದಿರುತ್ತದೆ. ಅದನ್ನು ತಿರುಗಿಸಿದರೆ ಸೆನ್ಸರ್ ಲೆಕ್ಕವೇ ತಪ್ಪಬಹುದು.

ನೋಡುವುದಾದರೆ ಹೀಗೆ ನೋಡಿ: ಎಂಜಿನ್ ಪೂರ್ತಿ ಬಿಸಿಯಾಗಲಿ, ಎಸಿ, ಲೈಟು ಆರಿಸಿ, ರೇಡಿಯೇಟರ್ ಫ್ಯಾನ್ ನಿಲ್ಲಲಿ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಆಗ ಮುಳ್ಳು 700ರಿಂದ 900 ಆರ್‌ಪಿಎಂ ನಡುವೆ ಇರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಏರಿರುವುದು ಸಹಜ. ಬಿಸಿಯಾದ ಮೇಲೂ ಏರಿಳಿದರೆ ಥ್ರಾಟಲ್ ಬಾಡಿಗೆ ಹಿಡಿದ ಮಸಿ, ಗಾಳಿ ಎಳೆಯುವ ಪೈಪು, ಪ್ಲಗ್ಗು ನೋಡಿಸಿ.

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುವಾಗ ನನ್ನ ಕಾರೂ ಹೀಗೇ ಉಸಿರುಗಟ್ಟಿತ್ತು. ಬೆರಳುದ್ದದ ವ್ಯಾಕ್ಯೂಮ್ ಪೈಪು ಸೀಳಿತ್ತು, ಅಷ್ಟೇ.