ಕಿವಿಯೊಳಗಿನ ಟೆಲಿಫೋನು

ಹೆಡ್‌ಫೋನು ಕೆಟ್ಟಿದೆ ಎಂದು ನನ್ನಲ್ಲಿಗೆ ಬರುವ ಹುಡುಗರಲ್ಲಿ ಬಹಳ ಮಂದಿಯ ಹೆಡ್‌ಫೋನು ಕೆಟ್ಟಿರುವುದೇ ಇಲ್ಲ. ಅದು ತನ್ನನ್ನು ತಾನು ಟೆಲಿಫೋನು ಅಂದುಕೊಂಡಿರುತ್ತದೆ, ಅಷ್ಟೇ. ಹೀಗೆಂದರೆ ನಮ್ಮೂರು ಕಿನ್ನಾಳದ ಕಟ್ಟೆಯ ಮೇಲೆ ಕೂತವರು ನಗುತ್ತಾರೆ. ದೂರವಾಣಿ ಇಲಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಕಂಡದ್ದೆಲ್ಲ ಟೆಲಿಫೋನೇ ಎಂಬುದು ಅವರ ತೀರ್ಮಾನ. ನಗಲಿ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂತು, ಕಾರ್ಡು ಎಳೆದು ಜಾಕಿಗೆ ಚುಚ್ಚಿ, ‘ಲೈನ್ ಬಂತು, ಮಾತಾಡ್ರಿ’ ಎಂದು ಕೂಗಿದವನು ನಾನು. ಈಗಿನ ಹುಡುಗರ ಗೇಮಿಂಗ್ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರೆ ಅಲ್ಲಿ ನನಗೆ ಹಳೆಯ ಪರಿಚಯದವರೇ ಸಿಗುತ್ತಾರೆ.

ನಮ್ಮ ಓಣಿಯಲ್ಲಿ ಒಂದು ಚಿತ್ರಗಾರರ ಮನೆ. ಪಡಸಾಲೆಯಲ್ಲಿ ಅಪ್ಪ ಗರುಡನ ಗೊಂಬೆಗೆ ರೆಕ್ಕೆ ಕೂರಿಸುತ್ತಿದ್ದರೆ ಒಳಗಿನ ಕೋಣೆಯಲ್ಲಿ ಮಗ ಕಂಪ್ಯೂಟರಿನ ಮುಂದೆ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಓಣಿಯ ಹುಡುಗರೆಲ್ಲ ಮನೆಯಲ್ಲಿ ಯಾರೋ ತೀರಿಕೊಂಡಂತೆ ಕೂತಿದ್ದರು. ಮುಂದಿನ ಜುಲೈಯಲ್ಲಿ ಅದು ಬಿಜಿಎಂಐ ಎಂಬ ಹೆಸರು ಹೊತ್ತು ಬಂದಾಗ ಮತ್ತೆ ಮೊಬೈಲು ಹಿಡಿದರು. ಇವನು ಮಾತ್ರ ಅಷ್ಟರಲ್ಲಿ ಹಳೆಯದೊಂದು ಕಂಪ್ಯೂಟರು ಹೊಂದಿಸಿಕೊಂಡು ವ್ಯಾಲೊರೆಂಟ್ ಆಟಕ್ಕೆ ಹೋಗಿದ್ದ. ಒಂದು ದಿನ ಬಂದು, “ಅಜ್ಜಾ, ಹಾಡು ಹಚ್ಚಿದ್ರ ಬರೇ ಬಾಜಾ ಕೇಳಸ್ತೈತ್ರಿ, ಹಾಡೋರ ದನಿನ ಇಲ್ಲ. ಆಟದಾಗ ವೈರಿ ಹೆಜ್ಜಿ ಸಪ್ಪಳಾನೂ ಎತ್ಲಾಗ ಬರಾಕತ್ತೈತಿ ಗೊತ್ತಾಗವಲ್ದು” ಅಂದ. ಅಂಗಡಿಯವನು ವೈರ್ ಹೋಗಿದೆ, ಹೊಸದು ತಗೋ ಅಂದಿದ್ದನಂತೆ.

ಹಾಡುವವರ ದನಿ ಮಾತ್ರ ಮಾಯವಾಗುವುದು ವೈರ್ ತುಂಡಾದ ಲಕ್ಷಣವಲ್ಲ. ವೈರ್ ಹೋದರೆ ಒಂದು ಕಿವಿಯೇ ಹೋಗುತ್ತದೆ, ಇಲ್ಲವೆ ತಂತಿ ಅಲುಗಿದಂತೆ ಬಂದು ಬಂದು ಹೋಗುತ್ತದೆ. ಹೆಡ್‌ಫೋನಿನ ಎರಡು ಕಿವಿಗೂ ವಾಪಸು ಬರುವ ತಂತಿ ಒಂದೇ, ಅದಕ್ಕೆ ಗ್ರೌಂಡ್ ಎನ್ನುತ್ತೇವೆ. ಆ ಗ್ರೌಂಡ್ ಬಿಟ್ಟುಹೋದರೆ ಎಡಗಿವಿಯ ಕರೆಂಟು ಬಲಗಿವಿಯ ಮೂಲಕವೇ ಸುತ್ತಿ ಹೋಗಬೇಕಾಗುತ್ತದೆ. ಆಗ ಎರಡೂ ಕಡೆ ಸಮನಾಗಿದ್ದದ್ದು ಒಂದನ್ನೊಂದು ಹೊಡೆದುಹಾಕಿ, ಬೇರೆ ಬೇರೆ ಇದ್ದದ್ದಷ್ಟೇ ಉಳಿಯುತ್ತದೆ. ಹಾಡುವವರನ್ನು ಸ್ಟುಡಿಯೋದವರು ನಟ್ಟನಡುವೆ, ಎರಡೂ ಕಿವಿಗೆ ಸಮನಾಗಿ ಇಟ್ಟಿರುತ್ತಾರೆ. ಹಾಗಾಗಿ ಅವರೇ ಮೊದಲು ಹೋಗುತ್ತಾರೆ. ಕಪ್ಪು-ಬಿಳುಪಿನ ಕಾಲದ ಮೋನೋ ಹಾಡು ಹಚ್ಚಿದ್ದರೆ ಬಾಜಾಬಜಂತ್ರಿಯೂ ಸೇರಿ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತಿತ್ತು. ಪಾಪ, ಹುಡುಗ ಅಂಥ ಹಾಡು ಕೇಳುವವನಲ್ಲ.

ಗ್ರೌಂಡ್ ಏಕೆ ಬಿಟ್ಟಿತು? ಪ್ಲಗ್ಗು ಪೂರ್ತಿ ಒಳಗೆ ಕೂತಿರಲಿಲ್ಲ. ಒತ್ತಿದರೆ ಕಟ್ ಎಂದು ಕೂರಬೇಕಾದದ್ದು ಮೆತ್ತಗೆ ಹಿಂದಕ್ಕೆ ಬರುತ್ತಿತ್ತು. ಬ್ಯಾಟರಿ ಹಿಡಿದು ಕ್ಯಾಬಿನೆಟ್ಟಿನ ಮುಂದಿನ ತೂತಿನೊಳಗೆ ನೋಡಿದರೆ ಬೂದು ಬಣ್ಣದ್ದೇನೋ ಗಟ್ಟಿಯಾಗಿ ಕೂತಿದೆ. ಕಿನ್ನಾಳದ ಗೊಂಬೆ ಹೇಗಾಗುತ್ತದೆಂದು ಕಂಡವರಿಗೆ ಅದೇನೆಂದು ಹೇಳಬೇಕಿಲ್ಲ. ಹಗುರ ಕಟ್ಟಿಗೆಯಲ್ಲಿ ಭಾಗ ಭಾಗ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಅದೇ ಅಂಟು ಸೇರಿಸಿದರೆ ಕಿಟ್ಟ. ಅದನ್ನು ಮೈತುಂಬ ಮೆತ್ತಿ, ಮೇಲೆ ಅರಿವೆಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ಹುಡುಗನ ಜಾಕಿನಲ್ಲಿ ಅಂಟೊಂದನ್ನು ಬಿಟ್ಟು ಕಿಟ್ಟದ ಸಾಮಗ್ರಿ ಎಲ್ಲವೂ ಇತ್ತು. ಹಂಪಿಯ ವಿರೂಪಾಕ್ಷ ಗುಡಿಯ ಮಾಳಿಗೆಯ ಚಿತ್ರ ಬರೆದವರು ಇವರ ಹಿರಿಯರೆಂದು ಹೇಳುತ್ತಾರೆ. ಆ ಮನೆತನದ ಧೂಳು ಒಂದು ಹೆಡ್‌ಫೋನಿಗೆ ತಡೆಯಾಗಿತ್ತು.

ಸೂಜಿ ಹಾಕಬೇಡ ಎಂದು ಮೊದಲೇ ಹೇಳಿದೆ. ಜಾಕಿನೊಳಗಿನ ಎಲೆಪಟ್ಟಿಗಳು ನಾಜೂಕು, ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಕಂಪ್ಯೂಟರು ಬಂದ್ ಮಾಡಿ, ಅವರಪ್ಪನ ಹತ್ತಿರ ಒಣ ಕುಂಚ ಕೇಳಿದೆವು. “ಅದು ದೇವರ ಕಣ್ಣು ಬರಿಯೋ ಕುಂಚ್ರಿ ಕಾಕಾರ” ಎಂದು ಮೊದಲು ಕೈ ಹಿಂದಕ್ಕೆ ತೆಗೆದರು. ಆಮೇಲೆ ಕೂದಲು ಸವೆದದ್ದೊಂದನ್ನು ಹುಡುಕಿ ಕೊಟ್ಟರು. ತಿರುಗಿಸಿ ತಿರುಗಿಸಿ ಎಳೆದಾಗ ನಾರಿನ ಸಣ್ಣದೊಂದು ಉಂಡೆಯೇ ಈಚೆಗೆ ಬಂತು. ಪ್ಲಗ್ಗು ಕಟ್ ಎಂದು ಕೂತಿತು, ಹಾಡುವವರು ಬಂದರು.

ಆ ಪ್ಲಗ್ಗಿನ ತುದಿ ನೋಡಿ: ನಡುನಡುವೆ ಕಪ್ಪು ಗೆರೆ, ಗೆರೆಗಳ ನಡುವೆ ಲೋಹ. ತುದಿಗೆ ಟಿಪ್, ನಡುವಿನದಕ್ಕೆ ರಿಂಗ್, ಬುಡಕ್ಕೆ ಸ್ಲೀವ್. ಇವು ನಮ್ಮ ಎಕ್ಸ್‌ಚೇಂಜಿನ ಹೆಸರುಗಳೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೆಲಿಫೋನ್ ಬೋರ್ಡಿಗಾಗಿ ಮಾಡಿದ 6.35 ಮಿಲಿಮೀಟರಿನ ಪ್ಲಗ್ಗೇ ಸಣ್ಣಗಾಗಿ 3.5 ಮಿಲಿಮೀಟರ್ ಆಗಿದೆ. ಹೆಡ್‌ಫೋನಿನ ವಂಶವೂ ಇದೇ. 1880ರ ದಶಕದಲ್ಲಿ ಅಮೆರಿಕದ ಆಪರೇಟರುಗಳು ಹೆಗಲ ಮೇಲೆ ಹೊರುತ್ತಿದ್ದ ಭಾರದ ಸಾಮಾನು ಅದು. 1910ರಲ್ಲಿ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ತಲೆಗೆ ಹಾಕಿಕೊಳ್ಳುವಂತೆ ಮಾಡಿ ನೌಕಾಪಡೆಗೆ ಕಳಿಸಿದ. ಹಾಡು ಕೇಳುವುದಕ್ಕೆಂದೇ ಸ್ಟೀರಿಯೊ ಹೆಡ್‌ಫೋನು ಬಂದದ್ದು 1958ರಲ್ಲಿ, ಜಾನ್ ಕಾಸ್‌ನಿಂದ. ಆಟದ ಹುಡುಗರು ಬಂದದ್ದು ಎಲ್ಲರಿಗಿಂತ ಕೊನೆಗೆ. ಹಾಗಾಗಿ ಹಿಂದಿನವರ ಹಂಗಿನಲ್ಲೇ ಇದ್ದಾರೆ.

ಮೂರು ಗೆರೆಯ, ಅಂದರೆ ನಾಲ್ಕು ಲೋಹದ ತುಂಡಿನ ಪ್ಲಗ್ಗಂತೂ ನೇರವಾಗಿ ಮೊಬೈಲಿನ ಕೂಸು. ಮೈಕು ಯಾವ ತುಂಡಿಗೆ, ಗ್ರೌಂಡ್ ಯಾವ ತುಂಡಿಗೆ ಎಂಬುದರಲ್ಲಿ ಮೊಬೈಲಿನವರದೇ ಎರಡು ಪಕ್ಷ ಇದ್ದವು, ಸಿಟಿಐಎ ಮತ್ತು ಓಎಂಟಿಪಿ. ಈಗ ಗೆದ್ದಿರುವುದು ಮೊದಲನೆಯದು. ಹಳೆಯದೋ ಅಗ್ಗದ್ದೋ ಒಂದು ಎರಡನೆಯ ಪಕ್ಷದ್ದಾಗಿದ್ದರೆ ಆಗಲೂ ಇದೇ ರೋಗ: ಹಾಡುವವರು ಮಾಯ. ತಂತಿಯ ಮೇಲಿನ ಕರೆ ಗುಂಡಿ ಒತ್ತಿ ಹಿಡಿದರೆ ದನಿ ಸರಿಯಾಗುತ್ತದೆ, ಬಿಟ್ಟರೆ ಹೋಗುತ್ತದೆ. ಅಲ್ಲಿಗೆ ಖಾತ್ರಿ. ಸಣ್ಣದೊಂದು ಅಡಾಪ್ಟರು ಹಾಕಿದರೆ ಸಾಕು. ಇನ್ನು ಹಸಿರು ಜಾಕು, ಗುಲಾಬಿ ಜಾಕು ಬೇರೆ ಬೇರೆ ಇರುವ ಕಂಪ್ಯೂಟರಿಗೆ ಈ ಒಂಟಿ ಪ್ಲಗ್ಗು ಚುಚ್ಚಿ, ಮೈಕು ಬರವಲ್ದು ಎಂದು ಅಳುವವರು ಒಂದಕ್ಕೆ ಎರಡು ಬಾಲವಿರುವ ಸ್ಪ್ಲಿಟರು ತರಬೇಕು.

ಹುಡುಗನ ಎರಡನೆಯ ಫಿರ್ಯಾದು ಬ್ಲೂಟೂತಿನದು. ಅಕ್ಕನ ಗಂಡ ಕೊಟ್ಟ ಹೊಸ ಹೆಡ್‌ಫೋನು. ಹಾಡು ಹಚ್ಚಿದರೆ ಚೆಂದ, ಆಟ ಶುರುವಾದ ಕೂಡಲೇ ದನಿ ತಗಡಿನ ಡಬ್ಬಿಯಿಂದ ಬಂದಂತೆ. ನಾನು ಕಿವಿಗೆ ಹಾಕಿಕೊಂಡು ಕೇಳಿ ನಕ್ಕೆ. ಅದು ಟ್ರಂಕ್ ಕಾಲಿನ ದನಿ! ಬ್ಲೂಟೂತಿನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಹಾಡಿನ ದಾರಿಯಲ್ಲಿ ಎರಡು ಕಿವಿಗೆ ಎರಡು ದನಿ, ಆದರೆ ಬರುವುದಷ್ಟೇ, ಹೋಗುವುದಿಲ್ಲ. ಮಾತಿನ ದಾರಿಗೆ ಹ್ಯಾಂಡ್ಸ್‌ಫ್ರೀ ಎಂದು ಹೆಸರು. ಅಲ್ಲಿ ಬರುವುದೂ ಉಂಟು ಹೋಗುವುದೂ ಉಂಟು, ಆದರೆ ಎರಡೂ ಕಿವಿಗೆ ಒಂದೇ ದನಿ. ಸಿ.ಡಿ.ಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದರೆ ಇಲ್ಲಿ ಸಾಮಾನ್ಯವಾಗಿ 8,000 ಇಲ್ಲವೆ 16,000 ಸಲ. ಮನುಷ್ಯನ ಕಿವಿ 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳಬಲ್ಲದು. ನಮ್ಮ ಟೆಲಿಫೋನ್ ಲೈನಿನಲ್ಲಿ 300ರಿಂದ 3,400ರವರೆಗೆ ಬಿಟ್ಟರೆ ಸಾಕೆಂದು ಹಿಂದೆಯೇ ತೀರ್ಮಾನವಾಗಿತ್ತು. ಬಳ್ಳಾರಿಯಲ್ಲಿ ಈರುಳ್ಳಿ ರೇಟು ಎಷ್ಟು ಎಂದು ಕೇಳಿಸಿಕೊಳ್ಳಲು ಅಷ್ಟು ಧಾರಾಳ. ಆಟ ತಂಡದವರೊಡನೆ ಮಾತಿಗೆಂದು ಮೈಕು ಕೇಳುತ್ತದೆ, ಹೆಡ್‌ಫೋನು ಇದು ಫೋನು ಬಂತೆಂದು ತಿಳಿದು ಮಾತಿನ ದಾರಿಗೆ ಇಳಿಯುತ್ತದೆ.

ಹಾಡು ಕೇಳುವವನಿಗೆ ಇದು ಬೇಸರ, ಆಟದವನಿಗೆ ಪ್ರಾಣಸಂಕಟ. ಸಹಜವಾಗಿ ಕೇಳುವಾಗ ಬಲಗಡೆಯ ಸಪ್ಪಳ ಎಡಗಿವಿಗೆ ತಡವಾಗಿ ಮುಟ್ಟುತ್ತದೆ. ತಡವೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಆ ಅಂತರವನ್ನೂ, ತಲೆಯ ಮರೆಗೆ ದನಿ ಕುಗ್ಗುವುದನ್ನೂ ಅಳೆದು ಮಿದುಳು ದಿಕ್ಕು ಹೇಳುತ್ತದೆ. ಮುಂದೋ ಹಿಂದೋ ಎಂಬುದನ್ನು ಹೇಳುವುದು ಹಾಲೆಗಿವಿಯ ಮಡಿಕೆಗಳು. ಅವು ಹೆಚ್ಚಾಗಿ ಕೆಲಸ ಮಾಡುವುದು ಟೆಲಿಫೋನು ಬಿಸಾಡುವ ಆ ಮೇಲಿನ ದನಿಗಳ ಮೇಲೆ. ವ್ಯಾಲೊರೆಂಟ್‌ನಲ್ಲಿ ಎಚ್‌ಆರ್‌ಟಿಎಫ್ ಎಂಬ ಆಯ್ಕೆಯೇ ಇದೆ, ಈ ತಲೆ-ಕಿವಿಯ ಲೆಕ್ಕವನ್ನು ಆಟವೇ ಹಾಕಿ ಕೊಡುತ್ತದೆ. (ಅದನ್ನು ಹಚ್ಚಿದ ಮೇಲೆ ಹೆಡ್‌ಸೆಟ್ಟಿನ ಡಬ್ಬದ ಮೇಲೆ ಬರೆದ ‘7.1 ಸರೌಂಡ್’ ಬಂದ್ ಮಾಡಬೇಕು. ಲೆಕ್ಕದ ಮೇಲೆ ಲೆಕ್ಕ ಬಿದ್ದರೆ ವೈರಿ ಎಲ್ಲ ಕಡೆಯಿಂದಲೂ ಬರುತ್ತಾನೆ.) ಇಷ್ಟೆಲ್ಲ ಮಾಡಿದ ಆಟದ ದನಿ ಕೊನೆಗೆ ಒಂದೇ ತಂತಿಯ ಟೆಲಿಫೋನಾಗಿ ಬಂದರೆ ಎತ್ತಲಿಂದ ಬಂದನೆಂದು ಯಾವ ಕಿವಿಗೆ ಗೊತ್ತಾಗಬೇಕು?

ಔಷಧ ಸುಲಭ. ಕೇಳುವುದಕ್ಕೆ ಬ್ಲೂಟೂತು, ಮಾತಿಗೆ ಬೇರೆ ಮೈಕು. ವೆಬ್‌ಕ್ಯಾಮಿನದೋ ಅಂಗಿಗೆ ಸಿಕ್ಕಿಸುವುದೋ ಯಾವುದಾದರೂ ನಡೆಯುತ್ತದೆ. ಸೆಟ್ಟಿಂಗಿನಲ್ಲಿ ಇನ್‌ಪುಟ್ ಅದಕ್ಕೆ ಬದಲಿಸಿದರೆ ಹೆಡ್‌ಫೋನು ಹಾಡಿನ ದಾರಿಯಲ್ಲೇ ಉಳಿಯುತ್ತದೆ. ಎಲ್‌ಇ ಆಡಿಯೊ ಎಂಬ ಹೊಸ ಪದ್ಧತಿಯಲ್ಲಿ ಮೈಕು ಹಚ್ಚಿದರೂ ಸ್ಟೀರಿಯೊ ಉಳಿಯುವ ವ್ಯವಸ್ಥೆ ಇದೆ, ಆದರೆ ಕಂಪ್ಯೂಟರೂ ಹೆಡ್‌ಫೋನೂ ಎರಡೂ ಅದನ್ನು ಬಲ್ಲವಾಗಿರಬೇಕು. ನನ್ನನ್ನು ಕೇಳಿದರೆ ಆಟಕ್ಕೆ ತಂತಿಯೇ ಲೇಸು. ಬ್ಲೂಟೂತಿನಲ್ಲಿ ಗುಂಡು ಹಾರಿದ ಮೇಲೆ ಢಂ ಎನ್ನುವುದು ಕಿವಿಗೆ ಬರುವಷ್ಟರಲ್ಲಿ ಒಂದಿಷ್ಟು ತಡವಾಗಿಯೇ ಇರುತ್ತದೆ.

ಮೂರನೆಯ ಕಾಟ ಎಲ್ಲಕ್ಕಿಂತ ಮೋಜಿನದು. ತಂಡದವನು ಬಾಯಿ ತೆರೆದ ಕೂಡಲೇ ಆಟದ ಸಪ್ಪಳ ಪಾತಾಳಕ್ಕೆ. ವಿಂಡೋಸಿನ ಸೌಂಡ್ ಸೆಟ್ಟಿಂಗಿನ ಹಳೆಯ ಕಿಟಕಿ ತೆಗೆದು, ಕೊನೆಯ ‘ಕಮ್ಯುನಿಕೇಶನ್ಸ್’ ಪುಟಕ್ಕೆ ಹೋದರೆ ಗುಟ್ಟು ಅಲ್ಲಿದೆ. ಫೋನಿನ ಮಾತು ನಡೆಯುತ್ತಿದೆ ಎಂದು ಕಂಡರೆ ಉಳಿದೆಲ್ಲ ದನಿಯನ್ನು ನೂರಕ್ಕೆ 80ರಷ್ಟು ತಗ್ಗಿಸಬೇಕೆಂದು ಅದರಲ್ಲಿ ಮೊದಲೇ ಗುರುತು ಹಾಕಿರುತ್ತದೆ. ಮನೆಗೆ ಫೋನು ಬಂದಾಗ “ಟಿ.ವಿ. ಸಣ್ಣ ಮಾಡ್ರೋ” ಎನ್ನುವ ಹಿರಿಯರೊಬ್ಬರನ್ನು ಒಳಗೆ ಕೂರಿಸಿದ್ದಾರೆ. ‘ಏನೂ ಮಾಡಬೇಡ’ ಎಂಬ ಗುಂಡಿ ಒತ್ತಿದರೆ ಅವರು ಸುಮ್ಮನಾಗುತ್ತಾರೆ. ಅದೇ ಕಿಟಕಿಯ ಮೊದಲ ಪುಟದಲ್ಲಿ ಸಾಧನಗಳ ಸಾಲು. ಒಂದರ ಪಕ್ಕ ಹಸಿರು ವೃತ್ತದಲ್ಲಿ ಸರಿ ಗುರುತು, ಇನ್ನೊಂದರ ಪಕ್ಕ ಹಸಿರು ವೃತ್ತದಲ್ಲಿ ನಮ್ಮ ಹಳೆಯ ಟೆಲಿಫೋನಿನ ರಿಸೀವರು! ದನಿಗೊಂದು ಸಾಧನ, ಮಾತಿಗೊಂದು ಸಾಧನ ಎಂದು ಕಂಪ್ಯೂಟರು ಎರಡು ಖಾತೆ ಇಟ್ಟಿರುತ್ತದೆ. ಆಟದ ಸಪ್ಪಳ ಹೆಡ್‌ಫೋನಿನಲ್ಲಿ, ಗೆಳೆಯನ ಮಾತು ಮಾತ್ರ ಸ್ಪೀಕರಿನಲ್ಲಿ ಬರುತ್ತಿದ್ದರೆ ಆ ರಿಸೀವರು ಬೇರೆ ಸಾಲಿನಲ್ಲಿ ಕೂತಿದೆ ಎಂದರ್ಥ. ಎತ್ತಿ ಇತ್ತ ಇಡಬೇಕು. ನಾನಿದನ್ನು ತೋರಿಸಿದಾಗ ಹುಡುಗ, “ಅದೇನ್ರಿ ಅಜ್ಜಾ ಆ ಚಿತ್ರ?” ಅಂದ. ಅಂಥ ಫೋನು ಅವನು ಕಂಡಿರಲಿಲ್ಲ.

ಉಳಿದವು ಚಿಲ್ಲರೆ. ಹೊಸ ಮಾನಿಟರು ಎಚ್‌ಡಿಎಂಐ ತಂತಿಯಲ್ಲಿ ಬಂದ ದಿನ ದನಿ ಹೋದರೆ, ಸ್ಪೀಕರೇ ಇಲ್ಲದ ಆ ಮಾನಿಟರಿಗೆ ಅದು ಹೊರಟಿರುತ್ತದೆ. ಔಟ್‌ಪುಟ್ ಬದಲಿಸಿದರೆ ಮುಗಿಯಿತು. ಮೌಸು ಸರಿಸಿದಂತೆ ಕಿವಿಯಲ್ಲಿ ಕುಂಯ್ ಎಂದರೆ ಮುಂದಿನ ಜಾಕಿನ ಒಳತಂತಿ ಗ್ರಾಫಿಕ್ಸ್ ಕಾರ್ಡಿನ ಗದ್ದಲ ಹಿಡಿಯುತ್ತಿರುತ್ತದೆ, ಹಿಂದಿನ ಜಾಕಿಗೆ ಚುಚ್ಚಬೇಕು. ಏನೂ ತಿಳಿಯದಿದ್ದರೆ ನೂರಿನ್ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡು ಹಾಕಿ ನೋಡುವುದು. ಅದರಲ್ಲಿ ಸರಿ ಬಂದರೆ ಹೆಡ್‌ಫೋನಿನ ತಪ್ಪಿಲ್ಲ. ಮೊದಲಾದರೆ ಮೊಬೈಲಿಗೆ ಚುಚ್ಚಿ ನೋಡಿ ಎನ್ನುತ್ತಿದ್ದೆ. ಈಗ ಮೊಬೈಲಿನಲ್ಲಿ ಆ ತೂತೇ ಸಿಗುವುದು ಕಷ್ಟ. ಆಪಲ್‌ನವರು 2016ರಲ್ಲಿ ತೆಗೆದರು, ಬಹಳಷ್ಟು ಕಂಪನಿಗಳು ಹಿಂದೆ ಹೋದವು. ಟೆಲಿಫೋನಿನ ಪ್ಲಗ್ಗನ್ನು ಟೆಲಿಫೋನೇ ಕೈಬಿಟ್ಟಿತು, ಆಟದವರು ಹಿಡಿದುಕೊಂಡಿದ್ದಾರೆ.

ಟೆಲಿಫೋನಿನಿಂದ ಬೇಡದ್ದೆಲ್ಲ ಬಂದಿರುವಾಗ ಬೇಕಾದದ್ದೊಂದು ಮಾತ್ರ ಅನೇಕ ಹೆಡ್‌ಸೆಟ್ಟುಗಳಿಗೆ ಬರಲೇ ಇಲ್ಲ. ಹಳೆಯ ರಿಸೀವರಿನಲ್ಲಿ ನಾವಾಡಿದ ಮಾತು ಸ್ವಲ್ಪ ನಮ್ಮ ಕಿವಿಗೂ ಕೇಳುತ್ತಿತ್ತು. ಅದಕ್ಕೆ ಸೈಡ್‌ಟೋನ್ ಎನ್ನುತ್ತಿದ್ದೆವು. ಹೆಚ್ಚಾದರೆ ಜನ ಪಿಸುಗುಟ್ಟುತ್ತಾರೆ, ಕಡಿಮೆಯಾದರೆ ಕಿರುಚುತ್ತಾರೆ. ಹದ ನೋಡಿ ಸರ್ಕ್ಯೂಟಿನಲ್ಲೇ ಇಟ್ಟಿದ್ದರು. ಕಿವಿ ಪೂರ್ತಿ ಮುಚ್ಚುವ ಗೇಮಿಂಗ್ ಹೆಡ್‌ಸೆಟ್ಟಿನಲ್ಲಿ ಅದಿಲ್ಲದಿದ್ದರೆ ಹುಡುಗರಿಗೆ ತಮ್ಮ ದನಿ ತಮಗೇ ಕೇಳದು. ಹಾಗಾಗಿ ರಾತ್ರಿ ಹನ್ನೊಂದಕ್ಕೆ “ಮ್ಯಾಲದಾನಲೇ! ಮೆಟ್ಲ ಮ್ಯಾಲ!” ಎಂಬ ಕೂಗು ಓಣಿಗೆಲ್ಲ. ವಿಂಡೋಸಿನಲ್ಲಿ ಮೈಕಿನ ದನಿಯನ್ನು ತಿರುಗಿ ಕೇಳುವ ಆಯ್ಕೆ ಇದೆ. ಹಚ್ಚಿ ನೋಡಿದೆವು, ಮಾತು ತಡವಾಗಿ ಕಿವಿಗೆ ಬಂದು ಹುಡುಗ ತೊದಲತೊಡಗಿದ. ಬೋರ್ಡಿನ ಮುಂದೆ ನಾವು ಹಾಕುತ್ತಿದ್ದದ್ದು ಒಂಟಿ ಕಿವಿಯದು, ಇನ್ನೊಂದು ಕಿವಿ ಊರಿಗೆ ಬಿಟ್ಟಿದ್ದೆವು. ನೀನೂ ಒಂದು ಕಿವಿ ತೆಗಿ ಅಂದರೆ, “ಹಂಗಾದ್ರ ವೈರಿ ಎಡಕ್ಕದಾನೋ ಬಲಕ್ಕದಾನೋ ಗೊತ್ತಾಗೂದಿಲ್ರಿ” ಎಂದು ನನ್ನ ಪಾಠವನ್ನೇ ನನಗೆ ಒಪ್ಪಿಸಿದ.

ಪಡಸಾಲೆಯಿಂದ ಅವರಪ್ಪ, “ಕಾಕಾರ, ಇವನ ಬಾಯಿಗೇನರ ಸೆಟ್ಟಿಂಗ್ ಐತೇನ್ ನೋಡ್ರಿ” ಅಂದರು. ಕದ ಹಾಕಿಕೊಂಡು ಆಡಲು ಹೇಳಿ ಬಂದೆ.